ಕಟ್ಟಿಗೆ ಹೆಚ್ಚು ತುರುಕಿದರೆ ಹಂಡೆ ನೀರು ಬೇಗ ಕಾಯುತ್ತದೆಯೇ? ಒಲೆಯ ಲೆಕ್ಕ ಹಿಡಿದ ವಿಜ್ಞಾನಿಯ ಕಥೆ

ಸೋಂದಾ ಕಡೆ ಮಳೆಗಾಲಕ್ಕೆ ಮೊದಲೇ ಕಟ್ಟಿಗೆ ಒಟ್ಟಿಡಬೇಕು. ಬಚ್ಚಲ ಹಂಡೆಗೆ ದಿನವೂ ಉರಿ ಬೇಕಲ್ಲ! ಒಲೆ ತುಂಬ ಕಟ್ಟಿಗೆ ತುರುಕಿದರೆ ನೀರು ಬೇಗ ಕಾಯುತ್ತದೆ ಎಂದು ಹಲವರು ನಂಬಿದ್ದಾರೆ. ನಿಜವೇನು? ಇದನ್ನು ತಿಳಿಯಲು ಅಮೂಲ್ಯ ಕುಮಾರ್ ರೆಡ್ಡಿ ಅವರ ಬದುಕನ್ನು ನೋಡೋಣ.

ರೆಡ್ಡಿ ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಿಎಚ್‌ಡಿ ಮಾಡಿದರು. ಜಾನ್ ಬಾಕ್ರಿಸ್ ಜೊತೆ ಅವರು ಬರೆದ ವಿದ್ಯುತ್ ರಸಾಯನಶಾಸ್ತ್ರದ ಪಠ್ಯ 1970ರಲ್ಲಿ ಹೊರಬಂದು ಜಗತ್ತಿನಾದ್ಯಂತ ಹೆಸರಾಯಿತು. ಅಷ್ಟರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಲೇ ಅವರ ದಾರಿ ಬದಲಾಯಿತು. ಹಳ್ಳಿಗಳಿಗೆ ಉಪಯೋಗವಾಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು.

ರೆಡ್ಡಿ ಮತ್ತು ಸಹೋದ್ಯೋಗಿಗಳು ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಮನೆಮನೆಯ ಇಂಧನದ ಲೆಕ್ಕ ತೆಗೆದರು. ಅಡುಗೆಗೆ, ಸ್ನಾನದ ನೀರಿಗೆ ಉರಿಯುತ್ತಿದ್ದ ಕಟ್ಟಿಗೆಯೇ ಅದರಲ್ಲಿ ಸಿಂಹಪಾಲು. ಹೊರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಹಳೆಯ ಒಲೆಯಲ್ಲಿ ಶಾಖದ ಬಹುಪಾಲು ಪಾತ್ರೆಗೆ ತಾಗದೆ ಹೋಗುತ್ತಿತ್ತು. ಹೊಗೆ ಮಾತ್ರ ಎದೆಗೆ ಇಳಿಯುತ್ತಿತ್ತು.

ಈ ಕೇಂದ್ರದಿಂದ ಬಂದದ್ದೇ ಮಲೆನಾಡಿನ ಮನೆಗಳನ್ನೂ ತಲುಪಿದ ಅಸ್ತ್ರ ಒಲೆ. ಇದು ರೆಡ್ಡಿ ಒಬ್ಬರ ಆವಿಷ್ಕಾರವಲ್ಲ, ಇಡೀ ತಂಡದ ಕೆಲಸ. ಅದರ ಗುಟ್ಟು ಗಾಳಿಯ ಲೆಕ್ಕದಲ್ಲಿದೆ. ಗಾಳಿ ಕಡಿಮೆಯಾದರೆ ಕಟ್ಟಿಗೆ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಅತಿಯಾದರೆ ಬಿಸಿಯನ್ನೆಲ್ಲ ಹೊತ್ತುಕೊಂಡು ಚಿಮಣಿಯಿಂದ ಹೊರಹೋಗುತ್ತದೆ. ಚಳಿ ದೇಶದ ಮನೆಗಳಲ್ಲಿ ರೇಡಿಯೇಟರ್‌ನ ಬಿಸಿ ಹತೋಟಿಗೆ ವಾಲ್ವ್ ಇರುತ್ತದೆ. ನಮ್ಮ ಒಲೆಯಲ್ಲಿ ಆ ಕೆಲಸ ಗಾಳಿಕಿಂಡಿಯದು.

ಹಾಗಾಗಿ ಬಚ್ಚಲ ಒಲೆ ಕಟ್ಟಿಸುವಾಗ ಇಷ್ಟು ನೋಡಿಕೊಳ್ಳಿ:

- ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಲರಿ ಇರಲಿ, ಗಾಳಿ ಅಡಿಯಿಂದ ಬರಲಿ.
- ಹಂಡೆ ಒಲೆಯೊಳಗೆ ಇಳಿದು ಕೂರಲಿ, ಬಿಸಿಗಾಳಿ ಅದರ ಮೈಯನ್ನು ಸವರಿಕೊಂಡು ಹೋಗಲಿ.
- ಒಣಗಿದ, ಸಣ್ಣಗೆ ಸೀಳಿದ ಕಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ.
- ಚಿಮಣಿಯ ಮಸಿ ಆಗಾಗ ತೆಗೆಯಿರಿ. ಅದು ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ಉಳಿಯುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ರೆಡ್ಡಿ ಒಲೆಗೇ ನಿಲ್ಲಲಿಲ್ಲ. 1980ರ ದಶಕದಲ್ಲಿ ಅವರ ತಂಡ ಪುರ ಎಂಬ ಹಳ್ಳಿಯಲ್ಲಿ ಸಗಣಿ ಗ್ಯಾಸ್‌ನಿಂದ ವಿದ್ಯುತ್ ತಯಾರಿಸಿ ಮನೆಗಳಿಗೆ ಬೆಳಕು, ನೀರು ಕೊಟ್ಟಿತು. 2000ದಲ್ಲಿ ಅವರಿಗೆ ಇತರರ ಜೊತೆ ವೋಲ್ವೊ ಪರಿಸರ ಪ್ರಶಸ್ತಿ ಬಂತು. 2006ರ ಮೇ 7ರಂದು ತೀರಿಕೊಂಡರು.

ಕೊನೆಗೆ ನಮ್ಮ ಉತ್ತರ: ಹೆಚ್ಚು ಕಟ್ಟಿಗೆ ತುರುಕಿದರೆ ನೀರು ಬೇಗ ಕಾಯುತ್ತದೆ ಎಂಬುದು ಪೂರ್ತಿ ನಿಜವಲ್ಲ. ಗಾಳಿಗೆ ದಾರಿಯಿಲ್ಲದಷ್ಟು ತುಂಬಿದರೆ ಹೆಚ್ಚುವುದು ಹೊಗೆ, ಕರಗುವುದು ಕಾಡು.