ಗೌರವಧನ ಬೇಡ, ಸಂಬಳ ಕೊಡಿ: ಅಂಬೇಡ್ಕರ್ ಬಿಟ್ಟುಹೋದ ಲೆಕ್ಕ
ಗದಗ-ಬೆಟಗೇರಿ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಊರು. ಇಲ್ಲಿಗೂ ಕಾನೂನು ಬರೆಯುತ್ತಿದ್ದ ಮುಂಬೈ ಶಾಸನ ಪರಿಷತ್ತಿನಲ್ಲಿ, 1928ರಲ್ಲಿ ಬಿ.ಆರ್. ಅಂಬೇಡ್ಕರ್ ಕಾರ್ಖಾನೆಯ ಹೆಣ್ಣುಮಕ್ಕಳ ಹೆರಿಗೆ ಭತ್ಯೆಯ ಪರ ನಿಂತರು. ಅದರ ಹೊರೆಯಲ್ಲಿ ಸರ್ಕಾರವೂ ಪಾಲು ಹೊರಬೇಕು ಎಂಬುದು ಅವರ ವಾದ. ಮರುವರ್ಷ ಕಾಯ್ದೆ ಬಂತು.

1935ರಲ್ಲಿ ಅವರು ಮುಂಬೈ ನಗರಸಭೆಯ ಕಾರ್ಮಿಕರ ಸಂಘ ಕಟ್ಟಿದರು. ಊರು ಗುಡಿಸುವವರ ಕೂಲಿ ರಾಜಕೀಯದ ಪ್ರಶ್ನೆಯೂ ಹೌದು, ಜಾತಿಯ ಪ್ರಶ್ನೆಯೂ ಹೌದು ಅಂತ ಅವರಿಗೆ ಗೊತ್ತಿತ್ತು.

1942ರಲ್ಲಿ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದರು. ಯುದ್ಧಕಾಲದ ಕಲ್ಲಿದ್ದಲ ಕೊರತೆ ನೀಗಲು ಸರ್ಕಾರ ಹೆಂಗಸರನ್ನು ಮತ್ತೆ ಗಣಿಯೊಳಗೆ ಇಳಿಸಿತು. ಅಂಬೇಡ್ಕರ್ ಅದನ್ನು ಸಮರ್ಥಿಸಿಕೊಂಡರು, ಟೀಕೆಯೂ ಬಂತು. ಆದರೆ ಅಲ್ಲಿ ಗಂಡು-ಹೆಣ್ಣಿಗೆ ಒಂದೇ ಕೂಲಿ ಎಂಬ ತತ್ವ ನೆಲೆಯಾಯಿತು ಎಂದು 1944ರಲ್ಲಿ ಸದನಕ್ಕೆ ತಿಳಿಸಿದರು.

ಅವರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನದ 39(ಡಿ) ವಿಧಿಯಲ್ಲೂ ಸಮಾನ ಕೆಲಸಕ್ಕೆ ಸಮಾನ ವೇತನ ಇದೆ. ಆದರೆ ಅದು ನಿರ್ದೇಶಕ ತತ್ವ. ನೇರವಾಗಿ ಕೋರ್ಟಿನಲ್ಲಿ ಜಾರಿ ಮಾಡಿಸಲಾಗದು. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ.

1956ರ ನವೆಂಬರ್ 1ರಂದು ಗದಗ ಮುಂಬೈಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿತು. ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡರು. ಅವರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಮುಂಡರಗಿ, ಶಿರಹಟ್ಟಿಯ ಹಳ್ಳಿಗಳಲ್ಲಿ ಅಂಗನವಾಡಿ, ಆಶಾ ಕೆಲಸ ಮಾಡುವವರೆಲ್ಲ ಹೆಂಗಸರೇ. ಅವರಿಗೆ ಕೊಡೋದಕ್ಕೆ ಹೆಸರು ಗೌರವಧನ. ವೇತನ ಅಂದರೆ ತಾನೇ ಸಮಾನತೆ ಕೇಳೋದು? ಆ ಪದ ಬದಲಾಗದೆ ಹೋಲಿಕೆಯೇ ಶುರುವಾಗೋದಿಲ್ಲ.