ಫಿನಿಯಾಸ್ ಗೇಜ್: ಚೇತರಿಕೆಗೆ ಅಳತೆಗೋಲು ಯಾವುದು?

ಅದು 1848ರ ಸೆಪ್ಟೆಂಬರ್ 13ರ ಸಂಜೆ. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಬಳಿ ರೈಲುಮಾರ್ಗಕ್ಕಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. ಮೇಸ್ತ್ರಿ ಫಿನಿಯಾಸ್ ಗೇಜ್ ಅವರಿಗೆ ಆಗ 25 ವರ್ಷ. ಅವರು ಕುಳಿಯಲ್ಲಿ ಮದ್ದು ಜಡಿಯುತ್ತಿದ್ದಾಗ ಕಿಡಿ ಹಾರಿ ಸ್ಫೋಟ ಸಂಭವಿಸಿತು. ಆರು ಕಿಲೋ ತೂಕದ, ಮೂರೂವರೆ ಅಡಿಗೂ ಮೀರಿದ ಕಬ್ಬಿಣದ ಸಲಾಕೆ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಮಿದುಳಿನ ಎಡ ಮುಂಭಾಗಕ್ಕೆ ತೀವ್ರ ಹಾನಿಯಾಯಿತು. ಆದರೂ ಕೆಲವೇ ನಿಮಿಷಗಳಲ್ಲಿ ಮಾತನಾಡಿದ ಗೇಜ್, ಎತ್ತಿನ ಗಾಡಿಯಲ್ಲಿ ಕುಳಿತೇ ಊರು ತಲುಪಿದರು.

ಸ್ಥಳೀಯ ವೈದ್ಯ ಜಾನ್ ಹಾರ್ಲೊ ಅವರ ಚಿಕಿತ್ಸೆಯಿಂದ ಪ್ರಾಣ ಉಳಿಯಿತು. ಎಡಗಣ್ಣಿನ ದೃಷ್ಟಿ ಹೋಯಿತು. ಮರುವರ್ಷ ಗೇಜ್ ಅವರನ್ನು ಪರೀಕ್ಷಿಸಿದ ಹಾರ್ವರ್ಡ್‌ನ ಶಸ್ತ್ರವೈದ್ಯ ಹೆನ್ರಿ ಬಿಗೆಲೊ, ದೇಹ ಮತ್ತು ಬುದ್ಧಿ ಎರಡೂ ಚೇತರಿಸಿವೆ ಎಂದು ತೀರ್ಮಾನಿಸಿದರು. ಹಾರ್ಲೊ 1868ರಲ್ಲಿ ಪ್ರಕಟಿಸಿದ ವರದಿಯ ಚಿತ್ರವೇ ಬೇರೆ. ಹಿಂದೆ ಗೇಜ್ ಅವರನ್ನು ಸಮರ್ಥ ಮೇಸ್ತ್ರಿಯೆಂದು ಮೆಚ್ಚಿದ್ದ ಮಾಲೀಕರು ಅದೇ ಹುದ್ದೆಯನ್ನು ಮರಳಿ ಕೊಡಲಿಲ್ಲ. ಮಾತು ಒರಟಾಗಿತ್ತು, ಹಠ ಹೆಚ್ಚಿತ್ತು, ಹಾಕಿದ ಯೋಜನೆಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಒಬ್ಬರು ರೋಗಿಯನ್ನಷ್ಟೇ ಪರೀಕ್ಷಿಸಿದ್ದರು; ಇನ್ನೊಬ್ಬರು ರೋಗಿಯ ನಿತ್ಯಜೀವನವನ್ನೂ ವಿಚಾರಿಸಿದ್ದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕುದುರೆ ಲಾಯವೊಂದರಲ್ಲಿ ದುಡಿದ ಗೇಜ್, 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿಗೆ ತೆರಳಿ, ಸುಮಾರು ಏಳು ವರ್ಷ ಪ್ರಯಾಣಿಕರ ಕುದುರೆಗಾಡಿ ಓಡಿಸಿದರು. ಕುದುರೆಗಳ ಆರೈಕೆ, ದುರ್ಗಮ ದಾರಿ, ಅಪರಿಚಿತ ಪ್ರಯಾಣಿಕರು, ಹೊಸ ಭಾಷೆ ಇವೆಲ್ಲವನ್ನೂ ನಿಭಾಯಿಸಬೇಕಿದ್ದ ವೃತ್ತಿಯದು. ನಿಯತ ದಿನಚರಿಯೇ ಅವರ ಸಾಮಾಜಿಕ ಚೇತರಿಕೆಗೆ ನೆರವಾಗಿರಬಹುದೆಂಬುದು ಸಂಶೋಧಕ ಮಾಲ್ಕಮ್ ಮ್ಯಾಕ್‌ಮಿಲನ್ ಅವರ ವಾದ.

ಆರೋಗ್ಯ ಕೆಟ್ಟು 1859ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ತಾಯಿಯ ಬಳಿಗೆ ಬಂದ ಗೇಜ್, ಅಪಸ್ಮಾರಕ್ಕೆ ತುತ್ತಾಗಿ 1860ರ ಮೇ 21ರಂದು ನಿಧನರಾದರು. ಅವರ ತಲೆಬುರುಡೆ ಮತ್ತು ಆ ಸಲಾಕೆ ಹಾರ್ವರ್ಡ್‌ನ ವಸ್ತುಸಂಗ್ರಹಾಲಯ ಸೇರಿವೆ.

ಮಿದುಳಿಗೆ ಪೆಟ್ಟಾದವರ ಸ್ಥಿತಿಯನ್ನು ಅಳೆಯಲು ಬ್ರಯನ್ ಜೆನೆಟ್ ಮತ್ತು ಮೈಕೆಲ್ ಬಾಂಡ್ 1975ರಲ್ಲಿ ಗ್ಲಾಸ್ಗೊ ಫಲಿತಾಂಶ ಮಾಪಕವನ್ನು ರೂಪಿಸಿದರು. ಅದರ ವಿಸ್ತೃತ ರೂಪದಲ್ಲಿ ವೈದ್ಯರು ಕೇಳುವ ಪ್ರಶ್ನೆಗಳು ಸರಳ: ಮನೆಯಲ್ಲಿ ಒಬ್ಬರೇ ಇರಬಲ್ಲರೇ? ಅಂಗಡಿಗೆ ಹೋಗಿಬರಬಲ್ಲರೇ? ಹಿಂದಿನ ಕೆಲಸ ಮಾಡಬಲ್ಲರೇ? ಮನೆಯವರ, ಗೆಳೆಯರ ಜೊತೆ ಹೊಂದಿಕೊಂಡಿದ್ದಾರೆಯೇ?

ಗೇಜ್ ಅವರ ಉತ್ತರ 1849ರಲ್ಲಿ ಒಂದು, ಚಿಲಿಯಲ್ಲಿ ಇನ್ನೊಂದು ಆಗಿರುತ್ತಿತ್ತು. ಈ ಪ್ರಶ್ನೆಗಳನ್ನು ಒಮ್ಮೆ ಕೇಳಿ ಮುಗಿಸದೆ, ಕಾಲಾಂತರದಲ್ಲಿ ಮತ್ತೆ ಕೇಳಬೇಕಾದ ಅಗತ್ಯವನ್ನು ಅವರ ಬದುಕು ತೋರಿಸುತ್ತದೆ.