ಪ್ರೊಫೆಸರ್ ಹೆಂಡ್ರಿಕ್ ಲೊರೆಂಟ್ಸ್

ಓಡುವ ರೈಲುಬಂಡಿಯಲ್ಲಿರುವವರಿಗೂ ನಿಲ್ದಾಣದಲ್ಲಿ ನಿಂತವರಿಗೂ ಕಾಲವು ಒಂದೇ ಎಂದು ನಾವೆಲ್ಲರೂ ನಂಬಿರುವೆವಷ್ಟೆ. ಈ ನಂಬಿಕೆಯನ್ನು ಕದಲಿಸಿದ ಲೆಕ್ಕವನ್ನು ತಾವೇ ಬರೆದು, ಅದರ ಅರ್ಥವನ್ನು ಕಾಣದೆ ಹೋದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುವೆವು.

ಲೊರೆಂಟ್ಸ್ ಅವರು 1853ನೆಯ ಇಸವಿ ಜುಲೈ 18ರಂದು ಹಾಲೆಂಡಿನ ಆರ್ನೆಮ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಸಸಿತೋಟದ ಒಡೆಯರು. ಬಾಲ್ಯದಲ್ಲಿಯೇ ತಾಯಿಯು ತೀರಿಕೊಳ್ಳಲು, ಮಲತಾಯಿಯು ಮನೆಗೆ ಬಂದರು. ಮುಂದೆ ಇವರ ಮಗಳಿಗೆ ಗೇರ್ಟ್ರಾಯ್ಡಾ ಲುಬರ್ಟಾ ಎಂದು ಆ ಇಬ್ಬರು ತಾಯಂದಿರ ಹೆಸರೂ ಬಂದಿತು. 24ನೆಯ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಇವರಿಗೆ 1902ರಲ್ಲಿ ಶಿಷ್ಯರಾದ ಜೇಮನ್ನರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು.

ಬೆಳಕು ಈಥರ್ ಎಂಬ ಅದೃಶ್ಯ ದ್ರವ್ಯದಲ್ಲಿ ಅಲೆಯಾಗಿ ಹರಿಯುವುದೆಂಬುದು ಆಗಿನ ಪಂಡಿತರ ಮತ. ಭೂಮಿಯು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಿಂದ ಸೂರ್ಯನನ್ನು ಸುತ್ತುತ್ತಿದ್ದರೂ, ಈಥರಿನಲ್ಲಿ ಅದರ ಓಟದ ಸುಳಿವು 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆಯವರ ಪರೀಕ್ಷೆಗೆ ಸಿಕ್ಕಲಿಲ್ಲ. ಇದಕ್ಕೆ ಸಮಾಧಾನವನ್ನು ಹುಡುಕುತ್ತ ಲೊರೆಂಟ್ಸ್ ಅವರು, ಚಲಿಸುವ ವಸ್ತುವು ಓಡುವ ದಿಕ್ಕಿನಲ್ಲಿ ಕುಗ್ಗುವುದೆಂದು 1892ರಲ್ಲಿ ಊಹಿಸಿದರು; 1895ರಲ್ಲಿ ಅದಕ್ಕೆ ಬೇರೆಯೇ ಒಂದು ಸ್ಥಳೀಯ ಕಾಲವನ್ನು ಕಲ್ಪಿಸಿದರು; 1904ರಲ್ಲಿ ತಮ್ಮ ಸಮೀಕರಣಗಳನ್ನು ಬಹುಮಟ್ಟಿಗೆ ಪೂರ್ಣಗೊಳಿಸಿದರು. ಆದರೆ ಆ ಸ್ಥಳೀಯ ಕಾಲವು ಅವರಿಗೆ ಲೆಕ್ಕದ ಅನುಕೂಲವೊಂದೇ ಆಗಿದ್ದಿತು. ನಿಜವಾದ ಕಾಲವು ಒಂದೇ ಎಂದು ಹಿಡಿದಿದ್ದರು.

1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರರೊಬ್ಬರು, 26 ವರ್ಷದ ಐನ್‌ಸ್ಟೈನ್, ಅವರವರ ಗಡಿಯಾರವು ತೋರುವುದೇ ಅವರವರ ನಿಜವಾದ ಕಾಲವೆಂದು ಸಾರಿದರು. ಬೆಳಕಿನ ವೇಗದ ಐದರಲ್ಲಿ ಮೂರು ಪಾಲು ವೇಗದಿಂದ ಸಾಗುವ ಹಡಗೊಂದು ಇದ್ದರೆ, ದಡದವರ ಎಣಿಕೆಯಲ್ಲಿ 10 ಗಂಟೆ ಕಳೆಯುವಷ್ಟರಲ್ಲಿ ಹಡಗಿನ ಗಡಿಯಾರವು 8 ಗಂಟೆ ಮಾತ್ರ ನಡೆದಿರುವುದು. ಹಡಗಿನವರಾದರೋ ದಡದ ಗಡಿಯಾರವೇ ನಿಧಾನವೆನ್ನುವರು. ಇಬ್ಬರ ಎಣಿಕೆಯೂ ಸರಿಯೇ. ನಮ್ಮ ರೈಲುಬಂಡಿಗಳ ವೇಗದಲ್ಲಿ ಈ ಅಂತರವು ಅತ್ಯಲ್ಪವಾದುದರಿಂದ ಯಾರಿಗೂ ತೋರದು.

ಹತ್ತು ವರ್ಷಗಳಿಗೂ ಹೆಚ್ಚು ಕಾಲ ತಾವು ದುಡಿದ ಹೊಲದ ಫಲವು ಕಿರಿಯನೊಬ್ಬನ ಪಾಲಾದಾಗ ಲೊರೆಂಟ್ಸ್ ಅವರು ಅಸೂಯೆಪಡಲಿಲ್ಲ. ಲೈಡನ್ನಿನಲ್ಲಿ ಆ ಹೊಸ ಮತವನ್ನು ತಾವೇ ಬೋಧಿಸಿದರು. 1915ರಲ್ಲಿ ತಮ್ಮ ಗ್ರಂಥವು ಮರುಮುದ್ರಣವಾದಾಗ, ನಿಜವಾದ ಕಾಲವು ಒಂದೇ ಎಂಬ ಹಟವೇ ತಮ್ಮ ಸೋಲಿಗೆ ಮುಖ್ಯ ಕಾರಣವೆಂದು ಟಿಪ್ಪಣಿ ಸೇರಿಸಿದರು. ಅರವತ್ತು ದಾಟಿದ, ಲೋಕಮಾನ್ಯರಾದ ಗುರುಗಳು ಇದನ್ನು ಅಚ್ಚುಹಾಕಿಸಿದುದನ್ನು ನಾವು ಅವರ ಪಾರಿತೋಷಕಕ್ಕಿಂತ ಹೆಚ್ಚೆಂದು ಎಣಿಸುವೆವು. ಆದರೂ ಈಥರಿನ ಮೇಲಣ ಮಮತೆಯನ್ನು ಅವರು ಕಡೆಯವರೆಗೂ ಬಿಡಲಿಲ್ಲ!

ಮಗಳು ಗೇರ್ಟ್ರಾಯ್ಡಾ 1912ರಲ್ಲಿ ತಂದೆಯವರ ಬಳಿಯಲ್ಲಿಯೇ ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಲೊರೆಂಟ್ಸ್ ಅವರು 1928ನೆಯ ಇಸವಿ ಫೆಬ್ರವರಿ 4ರಂದು ಹಾರ್ಲೆಮ್ ನಗರದಲ್ಲಿ ದೈವಾಧೀನರಾದರು. ಶವಸಂಸ್ಕಾರದ ದಿನ ಸಮಾಧಿಯ ಬಳಿ ಐನ್‌ಸ್ಟೈನರು ನಿಂತು ಮಾತನಾಡಿದರು. ಅಂದು ಮಧ್ಯಾಹ್ನ ಹನ್ನೆರಡು ಗಂಟೆಗೆ ಹಾಲೆಂಡಿನ ತಂತಿ ಮತ್ತು ಟೆಲಿಫೋನುಗಳನ್ನು ಮೂರು ನಿಮಿಷ ನಿಲ್ಲಿಸಲಾಯಿತು.